ಅರ್ಥವೇ ಆಗದ ಮಾಂತ್ರಿಕ ಕಾದಂಬರಿಯನ್ನು ನೀವು ಹೇಗೆ ಓದಿ ಮುಗಿಸಿದಿರಿ?

ಕೇಳಿದವರು:
ಮರೀನಾ ಮತ್ತು ಸೆರ್ಗೇಯ್ ದ್ಯಾಚೆಂಕೊ ದಂಪತಿಯ ‘ವೀಟಾ ನೋಸ್ಟ್ರಾ’ವನ್ನು ಇಂಗ್ಲಿಷ್ ಅನುವಾದದಲ್ಲಿ ಓದುತ್ತಿದ್ದೇನೆ. ತಾಯಿಯೊಂದಿಗೆ ಸಮುದ್ರತೀರಕ್ಕೆ ರಜೆಗೆ ಬಂದ ಹದಿನಾರರ ಹುಡುಗಿ ಸಾಶಾಳ ಬೆನ್ನಿಗೆ ಕಪ್ಪು ಕನ್ನಡಕದವನೊಬ್ಬ ಬೀಳುತ್ತಾನೆ. ದಿನವೂ ಬೆಳಗಿನ ಜಾವ ನಾಲ್ಕಕ್ಕೆ ಬೆತ್ತಲೆಯಾಗಿ ಸಮುದ್ರದಲ್ಲಿ ಈಜಬೇಕು ಎನ್ನುತ್ತಾನೆ. ಈಜಿ ಬಂದವಳಿಗೆ ಚಿನ್ನದ ನಾಣ್ಯಗಳು ವಾಂತಿಯಾಗುತ್ತವೆ. ಅಲ್ಲಿಯವರೆಗೆ ಪುಸ್ತಕ ಕೆಳಗಿಡಲು ಆಗಲಿಲ್ಲ. ಈಗ ಟೋರ್ಪಾ ಎಂಬ ಊರಿನ ವಿಚಿತ್ರ ಸಂಸ್ಥೆಗೆ ಸೇರಿದ್ದಾಳೆ, ಅರ್ಥವಿಲ್ಲದ ಪಠ್ಯವನ್ನು ಉರು ಹೊಡೆಯುತ್ತಿದ್ದಾಳೆ. ಎಷ್ಟು ಪುಟ ತಿರುಗಿಸಿದರೂ ಅದೇ. ಮಾಟವೆಲ್ಲಿ, ಮಂತ್ರವೆಲ್ಲಿ? ಅಧ್ಯಾಯಗಳೂ ಇಲ್ಲ, ಉಸಿರು ಬಿಡಲು ಜಾಗವಿಲ್ಲ. ಮೆಚ್ಚಿದವರು ಇದನ್ನು ಹೇಗೆ ಓದಿದಿರಿ? ಕೊನೆಯನ್ನು ಮಾತ್ರ ದಯವಿಟ್ಟು ಹೇಳಬೇಡಿ.

ಎರಡು ಸಲ ಓದಿದವಳು:
ನಾನೂ ಮೊದಲ ಸಲ ಅಲ್ಲೇ ಎಡವಿದ್ದೆ. ನೋಟ್‌ಬುಕ್ ಇಟ್ಟುಕೊಂಡು ನಿಯಮಗಳನ್ನು ಬರೆಯುತ್ತಿದ್ದೆ. ನಾಣ್ಯ ಎಂದರೇನು, ಅದರ ಮೇಲಿನ ಗುರುತು ಏನು, ಕಪ್ಪು ಕನ್ನಡಕದವನು ಯಾರ ಕಡೆಯವನು ಎಂದೆಲ್ಲ ಪಟ್ಟಿ. ಮಾಂತ್ರಿಕ ಕಥೆ ಎಂದರೆ ಎಲ್ಲೋ ಒಂದು ನಿಯಮಾವಳಿ ಇರುತ್ತದೆ, ಅದನ್ನು ಪತ್ತೆ ಹಚ್ಚಿದರೆ ಗೆದ್ದೆ ಎಂಬ ಅಭ್ಯಾಸ ನನ್ನದು. ಇನ್ನೂರು ಪುಟದ ಹೊತ್ತಿಗೆ ನೋಟ್‌ಬುಕ್ಕಿನ ತುಂಬ ಪ್ರಶ್ನೆಗಳು, ಉತ್ತರ ಒಂದೂ ಇಲ್ಲ. ಸಿಟ್ಟು ಬಂದು ಎತ್ತಿಟ್ಟೆ.

ವರ್ಷದ ನಂತರ ನೋಟ್‌ಬುಕ್ ಇಲ್ಲದೆ ಓದಿದೆ. ಆಗ ಹೊಳೆಯಿತು: ಸಾಶಾಳಿಗೂ ಅರ್ಥವಾಗುತ್ತಿಲ್ಲ! ಅವಳ ಪಕ್ಕದ ಬೆಂಚಿನಲ್ಲೇ ನಮ್ಮನ್ನೂ ಕೂರಿಸಿದ್ದಾರೆ. ಅವಳು ಗೊಂದಲದ ಸಾಲುಗಳನ್ನು ಬಾಯಿಪಾಠ ಮಾಡುವಾಗ ನಮಗೂ ತಲೆ ನೋಯಬೇಕು. ಹಾಗೆ ನೊಂದು ನೊಂದು ಒಂದು ಕಡೆ ಏನೋ ಕದಲುತ್ತದೆ. ಅದು ಎಲ್ಲೆಂದು ಹೇಳುವುದಿಲ್ಲ, ಬಂದಾಗ ನಿಮಗೇ ತಿಳಿಯುತ್ತದೆ.

ಒಂದು ಕೆಲಸ ಮಾಡಿ. ಅಲಾರಾಂ ಕೈಕೊಟ್ಟು ಸಾಶಾ ಒಂದು ಬೆಳಗ್ಗೆ ಈಜು ತಪ್ಪಿಸಿಕೊಳ್ಳುವ ಪುಟಗಳಿಗೆ ಮರಳಿ ಹೋಗಿ. ಅದರ ಬೆನ್ನಿಗೇ ತಾಯಿಗೆ ಆಗಷ್ಟೇ ಪರಿಚಯವಾದ ಗಂಡಸಿಗೆ ಹೃದಯಾಘಾತವಾಗುತ್ತದೆ. ಶಿಕ್ಷೆಯೋ, ಕಾಕತಾಳೀಯವೋ? ಖಚಿತವಾಗಿ ತಿಳಿಯುವ ದಾರಿ ಅವಳಿಗಿಲ್ಲ, ಆದರೆ ಇನ್ನೊಮ್ಮೆ ತಪ್ಪಿಸಿ ನೋಡುವ ಧೈರ್ಯವೂ ಇಲ್ಲ. ನನಗೆ ಮಾಂತ್ರಿಕತೆ ಕಂಡದ್ದು ನಾಣ್ಯದಲ್ಲಲ್ಲ, ಇಲ್ಲಿ. ಇದನ್ನು ಓದಿದ ರಾತ್ರಿ ನನಗೆ ಬೆಳಗಿನ ಜಾವದ ಪ್ರಯಾಣವಿತ್ತು. ಮೊಬೈಲಿನ ಅಲಾರಾಂ ಸರಿ ಇದೆಯೇ ಎಂದು ಮೂರು ಸಲ ಎದ್ದು ನೋಡಿದ್ದೇನೆ, ಸುಳ್ಳಲ್ಲ.

ಪುಟಗುರುತು:
ನನ್ನದು ಬರೀ ಕೈಕೆಲಸದ ಸಲಹೆ. ಅಧ್ಯಾಯವಿಲ್ಲದ ಪುಸ್ತಕಕ್ಕೆ ನಾವೇ ಅಧ್ಯಾಯ ಮಾಡಿಕೊಳ್ಳಬೇಕು. ನಾನು ಸಂಸ್ಥೆಯ ಪರೀಕ್ಷೆಗಳನ್ನೇ ಮೈಲಿಗಲ್ಲು ಮಾಡಿಕೊಂಡೆ, ಒಂದು ಪರೀಕ್ಷೆ ಮುಗಿದರೆ ಅವಳಿಗೂ ನನಗೂ ರಜೆ. ಇನ್ನು ಹೆಸರುಗಳು: ಸಾಶಾ ಎಂದರೆ ಅಲೆಕ್ಸಾಂಡ್ರಾ, ಅವಳ ಸಹಪಾಠಿ ಕೊಸ್ತ್ಯಾ ಎಂದರೆ ಕಾನ್‌ಸ್ತಾಂತಿನ್. ಮೇಷ್ಟ್ರುಗಳನ್ನು ಹೆಸರಿನ ಜೊತೆ ತಂದೆಯ ಹೆಸರು ಸೇರಿಸಿ ಕರೆಯುವುದು ಅಲ್ಲಿನ ಮರ್ಯಾದೆ. ಹಾಗಾಗಿ ಒಬ್ಬರೇ ಇಬ್ಬರಂತೆ ಕಂಡರೆ ಗಾಬರಿ ಬೇಡ. ಮಲಗುವ ಮುಂಚೆ ಓದಬೇಡಿ. ಓದಿದರೆ ನಿದ್ದೆ ಬಂದೀತು ಅಥವಾ ಹೋದೀತು, ಎರಡೂ ನಷ್ಟವೇ.

ಅರ್ಧಕ್ಕೆ ಬಿಟ್ಟವನು:
ಎಲ್ಲರೂ ಮುಗಿಸಿ ಎನ್ನುತ್ತಿದ್ದೀರಿ, ನಾನು ಬಿಟ್ಟವನು, ಬಿಟ್ಟದ್ದಕ್ಕೆ ಬೇಸರವೂ ಇಲ್ಲ. ಪರೀಕ್ಷೆಯಲ್ಲಿ ತಪ್ಪಿದರೆ ಮನೆಯವರಿಗೆ ಕೇಡು ಎಂಬ ಭಯದ ಮೇಲೆ ನಡೆಯುವ ಶಾಲೆ ಅದು. ನಾನು ಓದಿದ ಕಾಲೇಜಿನಲ್ಲಿ ಹೆಚ್ಚುಕಡಿಮೆ ಅದೇ ಭಾಷೆಯಲ್ಲಿ ನಮ್ಮನ್ನು ಹೆದರಿಸುತ್ತಿದ್ದರು. ಕಾದಂಬರಿಯಲ್ಲೂ ಅದನ್ನೇ ಅನುಭವಿಸುವ ಹಟ ನನಗೇಕೆ? ಪುಸ್ತಕ ಕೆಟ್ಟದ್ದಲ್ಲ, ಗುರಿ ತಪ್ಪದೆ ಹೊಡೆಯುತ್ತದೆ ಎಂಬುದೇ ನನ್ನ ತಕರಾರು.

ಅದರ ಬದಲು ಲೆವ್ ಗ್ರಾಸ್‌ಮನ್ 2009ರಲ್ಲಿ ಬರೆದ ‘ದಿ ಮೆಜಿಷಿಯನ್ಸ್’ ಹಿಡಿದೆ. ಅದೂ ಕತ್ತಲೆಯದೇ, ಅಲ್ಲಿಯೂ ವಿದ್ಯೆ ಕಬ್ಬಿಣದ ಕಡಲೆಯೇ. ಬೆರಳುಗಳನ್ನು ಸಂದು ನೋಯುವಷ್ಟು ತಿರುಚಬೇಕು, ಒಂದೇ ಮಂತ್ರವನ್ನು ಸನ್ನಿವೇಶ ಬದಲಾದಂತೆಲ್ಲ ಬದಲಿಸಿ ಕಲಿಯಬೇಕು. ಒಂದು ಹಂತದಲ್ಲಿ ವಿದ್ಯಾರ್ಥಿಗಳನ್ನು ಅಂಟಾರ್ಕ್ಟಿಕಾಕ್ಕೆ ಅಟ್ಟುತ್ತಾರೆ! ಅಲ್ಲಿ ಮಂತ್ರದಿಂದ ಮೊಳೆ ಹೊಡೆಯುವುದೇ ಪಾಠ. ಆದರೆ ನಡುನಡುವೆ ನಗಬಹುದು. ನಾಯಕ ಕ್ವೆಂಟಿನ್ ಕೇಳಿದ್ದೆಲ್ಲ ಸಿಕ್ಕಿದರೂ ಮುಖ ಊದಿಸಿಕೊಂಡಿರುವ ಜೀವ. ಅವನನ್ನು ಮೆಚ್ಚಲು ಹೋಗಬೇಡಿ, ದೂರದಿಂದ ನೋಡಿ, ಆಗ ಚೆನ್ನಾಗಿದೆ. ಲೀ ಬಾರ್ಡುಗೊ ಅವರ ‘ನೈನ್ತ್ ಹೌಸ್’ ಕೂಡ ಇದೇ ಸಾಲಿನದು, 2019ರದು. ಅದರಲ್ಲಿ ಲೈಂಗಿಕ ದೌರ್ಜನ್ಯದ ದೃಶ್ಯಗಳಿವೆ, ತಿಳಿದೇ ಕೈಗೆತ್ತಿಕೊಳ್ಳಿ.

ವ್ಯಾಕರಣದ ಮೇಷ್ಟ್ರು:
ಮಂತ್ರಕ್ಕೆ ಮಾವಿನಕಾಯಿ ಉದುರೀತೇ ಎಂದು ನಾವು ಕೇಳುತ್ತೇವೆ. ಮಾವಿನಕಾಯಿಯೇ ಒಂದು ಪದವಾಗಿದ್ದರೆ ಎಂದು ಈ ಕಾದಂಬರಿ ಕೇಳುತ್ತದೆ. ನಾಮಪದ, ಕ್ರಿಯಾಪದ ಎಂಬ ಮಾತು ಬಂದ ಕಡೆಯೆಲ್ಲ ಪೆನ್ಸಿಲಿನಿಂದ ಒಂದು ಗೆರೆ ಎಳೆಯಿರಿ, ಸಾಕು. ನಾನು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಒಮ್ಮೆ ವಿಧ್ಯರ್ಥಕ್ಕೆ, ಅಂದರೆ ಆಜ್ಞೆಯ ರೂಪಕ್ಕೆ, ಉದಾಹರಣೆ ಎಂದು ‘ಬಾ’ ಎಂದು ಹಲಗೆಯ ಮೇಲೆ ಬರೆದು ಜೋರಾಗಿ ಓದಿದೆ. ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ ಹುಡುಗ ಎದ್ದು ನನ್ನ ಹತ್ತಿರ ನಡೆದುಬಂದ. ತರಗತಿ ನಕ್ಕಿತು, ನಾನೂ ನಕ್ಕೆ. ಒಂದೇ ಅಕ್ಷರಕ್ಕೆ ಒಂದು ದೇಹ ಎದ್ದು ನಡೆದದ್ದು ನನಗೆ ಮತ್ತೆ ನೆನಪಾದದ್ದು ಈ ಪುಸ್ತಕ ಓದುವಾಗ. 2007ರ ರಷ್ಯನ್ ಮೂಲವನ್ನು ಇಂಗ್ಲಿಷಿಗೆ ತಂದವರು ಜೂಲಿಯಾ ಮೈಟೊವ್ ಹರ್ಸಿ, 2018ರಲ್ಲಿ. ವ್ಯಾಕರಣವೇ ಕಥೆಯಾದ ಪುಸ್ತಕವನ್ನು ಬೇರೆ ವ್ಯಾಕರಣದ ಭಾಷೆಗೆ ಸಾಗಿಸಿದವರ ಪಾಡನ್ನು ಯೋಚಿಸಿ.

ಎರಡು ಸಲ ಓದಿದವಳು:
ಮೇಷ್ಟ್ರೇ, ಕೊನೆ ಹೇಳಬೇಡಿ ಎಂದು ಅವರು ಮೊದಲೇ ಬೇಡಿಕೊಂಡಿದ್ದರು. ಅರ್ಧ ಹೇಳಿಬಿಟ್ಟಿರಿ.

ವ್ಯಾಕರಣದ ಮೇಷ್ಟ್ರು:
ಕಾಲು ಭಾಗ ಮಾತ್ರ. ಕ್ಷಮಿಸಿ.

ಕೇಳಿದವರು:
ಪರವಾಗಿಲ್ಲ ಸರ್, ನಿಮ್ಮ ‘ಬಾ’ದಿಂದಲೇ ಮತ್ತೆ ಪುಸ್ತಕ ಎತ್ತಿಕೊಂಡೆ. ನಿನ್ನೆ ಚಳಿಗಾಲದ ಪರೀಕ್ಷೆಯವರೆಗೆ ಓದಿದೆ. ಅರ್ಥವಾಯಿತು ಎನ್ನಲಾರೆ, ಆದರೆ ಪುಟ ಎಣಿಸುವುದು ನಿಂತಿದೆ. ಬಿಟ್ಟವರ ಮಾತೂ ಮನಸ್ಸಿನಲ್ಲಿದೆ, ಕೊಸ್ತ್ಯಾನ ಅಜ್ಜಿಯ ಭಾಗದಲ್ಲಿ ನಾನೂ ಒಂದು ದಿನ ನಿಲ್ಲಿಸಿದ್ದೆ. ಇದಕ್ಕೆ ಎರಡನೆಯ ಭಾಗ ಇದೆಯಂತೆ, ಈಗಲೇ ತರಿಸಿಕೊಳ್ಳಲೇ?

ಪುಟಗುರುತು:
ಇದೆ, ಇಂಗ್ಲಿಷಿನಲ್ಲಿ 2023ರಲ್ಲಿ ‘ಅಸಾಸಿನ್ ಆಫ್ ರಿಯಾಲಿಟಿ’ ಎಂದು ಬಂತು. ಈಗ ತರಿಸಬೇಡಿ. ಅದು ಮೊದಲ ಭಾಗ ಮುಗಿದಲ್ಲಿಂದಲೇ ಹೊರಡುತ್ತದೆ, ಬೆನ್ನಪುಟ ಓದಿದರೂ ಕೊನೆ ಗೊತ್ತಾಗಿಬಿಡುತ್ತದೆ.