ನಡುನೀರಿನಲ್ಲಿ ಗಾಳಿ ಬಿದ್ದರೆ 12 ಮೀಟರ್ ಕೈಟ್ ಸಮೇತ ದಡ ಸೇರುವುದು ಹೇಗೆ?

ಮರಳುದಂಡೆ (ಪ್ರಶ್ನೆ)

ಜೂನ್‌ನಲ್ಲಿ ಕೈಟ್‌ಸರ್ಫಿಂಗ್‌ಗೆ (ದೊಡ್ಡ ಗಾಳಿಪಟದ ಎಳೆತದಿಂದ ಹಲಗೆಯ ಮೇಲೆ ನೀರಿನಲ್ಲಿ ಸಾಗುವ ಆಟ) ರಾಮೇಶ್ವರಕ್ಕೆ ಹೋಗುವ ಯೋಚನೆ ಇದೆ. ಗಾಳಿಗೆ ಎದುರಾಗಿ ಮೇಲೇರುವುದು, ನೀರಿಗೆ ಬಿದ್ದ ಕೈಟ್ ಎಬ್ಬಿಸುವುದು ಬರುತ್ತದೆ. ಗಾಳಿ ತುಂಬುವ 12 ಮೀಟರ್ (ಅಂದರೆ 12 ಚದರ ಮೀಟರ್) ಕೈಟ್, ಅದನ್ನು ನಿಯಂತ್ರಿಸುವ ನಾಲ್ಕು ಲೈನಿನ ಬಾರ್ (ಹಿಡಿಕೋಲು), ಎರಡೂ ಕಡೆಗೆ ಸಾಗುವ ಟ್ವಿನ್‌ಟಿಪ್ ಬೋರ್ಡ್. ಗಾಳಿ ಜೋರಾದರೆ ಏನು ಮಾಡಬೇಕೆಂದು ಎಲ್ಲರೂ ಹೇಳಿಕೊಡುತ್ತಾರೆ. ದಡದಿಂದ 600–700 ಮೀಟರ್ ದೂರದಲ್ಲಿದ್ದಾಗ ಗಾಳಿ ಪೂರ್ತಿ ನಿಂತರೆ? ಸೆಲ್ಫ್ ರೆಸ್ಕ್ಯೂ (ತಾನೇ ಪಾರಾಗಿ ದಡ ಸೇರುವ) ವಿಡಿಯೊಗಳಲ್ಲೆಲ್ಲ ಕೈಟನ್ನೇ ಹಾಯಿ ಮಾಡಿಕೊಂಡು ಬರುತ್ತಾರೆ. ಗಾಳಿಯೇ ಇಲ್ಲದ ಮೇಲೆ ಹಾಯಿಯಿಂದ ಏನು ಪ್ರಯೋಜನ? ಕೈಟ್ ಬಿಟ್ಟು ಈಜಬೇಕೋ, ಹಿಡಿದುಕೊಂಡು ಕಾಯಬೇಕೋ?

ತೆಂಕಣಗಾಳಿ

ಗಾಳಿ ಒಂದೇ ಏಟಿಗೆ ನಿಲ್ಲುವುದು ಅಪರೂಪ. ಮೊದಲು ಬಾರ್ ಕೈಯಲ್ಲಿ ಹಗುರಾಗುತ್ತದೆ, ಕೈಟ್ ತಡವಾಗಿ ತಿರುಗುತ್ತದೆ, ಗಾಳಿ ಬರುವ ದಿಕ್ಕಿನಲ್ಲಿ ನೀರಿನ ಮೇಲಿನ ಬಿಳಿ ನೊರೆ ಕಾಣೆಯಾಗುತ್ತದೆ. ಆ ನೊರೆ ಏಳಲು ಸುಮಾರು 10–12 ನಾಟ್ (ಗಂಟೆಗೆ 19–22 ಕಿಲೋಮೀಟರ್) ಗಾಳಿ ಬೇಕು. ಟ್ವಿನ್‌ಟಿಪ್ ಮೇಲೆ ನಿಲ್ಲಲು ನಿಮಗೂ ಹೆಚ್ಚುಕಡಿಮೆ ಅಷ್ಟೇ ಬೇಕು. ನೊರೆ ಹೋಯಿತೆಂದರೆ ಆ ಕ್ಷಣವೇ ದಡಕ್ಕೆ ತಿರುಗಿ, ಇನ್ನೊಂದು ಸುತ್ತು ಬೇಡ.

ಕೈಟ್ ಇನ್ನೂ ಮೇಲಿದ್ದರೆ ನೆತ್ತಿಯ ಮೇಲೆ ಸುಮ್ಮನೆ ನಿಲ್ಲಿಸಬೇಡಿ. ಎಳೆತ ಕಡಿಮೆಯಾದಾಗ ಯಾರಾದರೂ ಬಾರನ್ನು ಎದೆಗೆ ಎಳೆದುಕೊಳ್ಳುತ್ತಾರೆ, ಕೈಟ್ ಬೀಳುವುದೇ ಇದರಿಂದ: ಹಿಂದಿನ ಲೈನ್‌ಗಳು ಬಿಗಿಯಾಗಿ ಅದು ಹಿಮ್ಮುಖವಾಗಿ ಜಾರುತ್ತದೆ. ಬಾರ್ ದೂರ ತಳ್ಳಿ, ಕೈಟನ್ನು ಗಡಿಯಾರದ 10 ಮತ್ತು 2ರ ನಡುವೆ ಆಡಿಸುತ್ತಲೇ ಇರಿ. ಜಾರತೊಡಗಿದರೆ ಬಾರ್‌ಗಿಂತ ಮೇಲೆ ಮುಂದಿನ ಎರಡೂ ಲೈನ್ ಒಟ್ಟಿಗೆ ಹಿಡಿದು ಒಮ್ಮೆ ಜಗ್ಗಿ ಬಿಡಿ. ಬೋರ್ಡ್ ಮೇಲೆ ನಿಲ್ಲಿಸುವಷ್ಟು ಎಳೆತ ಇಲ್ಲದಿದ್ದರೂ ನಿಮ್ಮನ್ನು ನೀರಿನಲ್ಲಿ ಮಲಗಿದಂತೆಯೇ ಎಳೆದುಕೊಂಡು ಹೋಗುವಷ್ಟು ಇರುತ್ತದೆ. ಹಾಗೆ ಬಂದ ಪ್ರತಿ 100 ಮೀಟರೂ ಆಮೇಲೆ ಈಜಬೇಕಾದ 100 ಮೀಟರ್ ಉಳಿಸುತ್ತದೆ.

ಕೈಟ್ ಬಿದ್ದ ಮೇಲೆ ಮೊದಲು ಹೆದರಬೇಕಾದ್ದು ಲೈನ್‌ಗಳಿಗೆ. 22–24 ಮೀಟರ್ ಉದ್ದದ ನಾಲ್ಕು ಲೈನ್ ಸಡಿಲವಾಗಿ ಕಾಲ ಸುತ್ತ ತೇಲುತ್ತವೆ. ನಿಂತ ಭಂಗಿಯಲ್ಲಿ ಕಾಲು ಬಡಿದರೆ ಖಂಡಿತ ಸಿಕ್ಕಿಕೊಳ್ಳುತ್ತವೆ. ಅಂಗಾತ ಮಲಗಿ, ಕಾಲು ಮೇಲಿಟ್ಟು, ಕೈಟ್‌ನಿಂದ ದೂರಕ್ಕೆ ಕೈ ಬೀಸುತ್ತ ಲೈನ್ ಬಿಗಿ ಮಾಡಿಕೊಳ್ಳಿ. ಐದು ನಿಮಿಷ ಕಾದು, ಒಂದು ಹಿಂದಿನ ಲೈನ್ ಎಳೆದಾಗ ಕೈಟ್ ಹೊರಳದಿದ್ದರೆ ಎಬ್ಬಿಸುವ ಪ್ರಯತ್ನ ಬಿಡಿ. ತೋಳಿನ ಶಕ್ತಿ ಮುಂದಿನ ಕೆಲಸಕ್ಕೆ ಬೇಕು.

ಆಮೇಲೆ ಕ್ವಿಕ್ ರಿಲೀಸ್ (ಕೈಟ್‌ನ ಎಳೆತವನ್ನು ತಕ್ಷಣ ಕಳಚುವ ಕೊಂಡಿ) ಬಿಡಿಸಿ. ಗಾಳಿಯೇ ಇಲ್ಲವಲ್ಲ ಎಂದು ಈ ಹೆಜ್ಜೆಯನ್ನೇ ಕೈಬಿಟ್ಟು ನೇರ ಲೈನ್ ಸುತ್ತಲು ಹೋಗುವವರಿದ್ದಾರೆ. ಅರ್ಧ ಸುತ್ತುವಾಗ ಗಾಳಿ ಮರಳಿದರೆ ಕೈಟ್ ಎದ್ದು ಬೆರಳು ಕತ್ತರಿಸುತ್ತದೆ. ಬಿಡಿಸಿದ ಮೇಲೆ ಕೈಟ್ ಒಂದೇ ಸೇಫ್ಟಿ ಲೈನ್‌ಗೆ ಸಿಕ್ಕಿಕೊಂಡಿರುತ್ತದೆ. ಅದನ್ನು ಒಂದು ಕೈ ಬಿಟ್ಟು ಇನ್ನೊಂದರಲ್ಲಿ ಎಳೆದುಕೊಳ್ಳುತ್ತ ಬಾರ್ ತಲುಪಿ. ಅಂಗೈಗೆ ಎಂದೂ ಸುತ್ತಬೇಡಿ. ಬಾರ್ ಸಿಕ್ಕಿದ ಮೇಲೆ ಆ ಒಂದು ಲೈನನ್ನು ಮಾತ್ರ ಐದಾರು ಸುತ್ತು ಸುತ್ತಿ ಕುಣಿಕೆ ಹಾಕಿ ಬಿಗಿದು, ನಂತರ ನಾಲ್ಕನ್ನೂ ಸೇರಿಸಿ ಸುತ್ತಿ. ಈ ಐದಾರು ಸುತ್ತೇ ಇಡೀ ವಿಧಾನದ ಜೀವ. ಒಂದು ಲೈನ್ ಉಳಿದವಕ್ಕಿಂತ ಗಿಡ್ಡವಾಗಿದ್ದರೆ ಗಾಳಿ ಬಂದರೂ ಕೈಟ್ ಬಾವುಟದಂತೆ ಬಡಿದುಕೊಳ್ಳುತ್ತದೆಯೇ ಹೊರತು ಎಳೆಯುವುದಿಲ್ಲ. ಕೈಟ್ ಹತ್ತಿರಕ್ಕೆ ಬಂದಾಗ ಬಾರ್‌ನ ಎರಡೂ ತುದಿಗೆ ಕುಣಿಕೆ ಹಾಕಿ. ಲೀಶ್ (ನಿಮ್ಮನ್ನು ಸೇಫ್ಟಿ ಲೈನ್‌ಗೆ ಜೋಡಿಸುವ ಪಟ್ಟಿ) ಕಳಚುವುದು ಇದೆಲ್ಲ ಮುಗಿದ ಮೇಲೆ.

ಉಪ್ಪುನೀರು

ನಿಮ್ಮ ಹಾಯಿಯ ಪ್ರಶ್ನೆಗೆ ಉತ್ತರ. ಕೈಟನ್ನು ಮಗುಚಿ, ಸ್ಟ್ರಟ್‌ಗಳು (ಗಾಳಿ ತುಂಬಿದ ಅಡ್ಡ ಕೊಳವೆಗಳು) ಮೇಲಕ್ಕೆ ಬರುವಂತೆ ಹಾಕಿಕೊಂಡು ಒಂದು ತುದಿಯನ್ನು ಎತ್ತಿ ಹಿಡಿದರೆ 5–6 ನಾಟ್ ಗಾಳಿಯಲ್ಲೂ ನಿಧಾನವಾಗಿ ಸಾಗುತ್ತದೆ. ಅದೂ ಇಲ್ಲದಿದ್ದರೆ ಅದು ಬರಿಯ ತೆಪ್ಪ, ಆ ಆಕಾರದಲ್ಲಿ ಕೈಯಿಂದ ಹುಟ್ಟುಹಾಕಲು ಆಗದು.

ಆಗ ಮಡಚಬೇಕು. ಸ್ಟ್ರಟ್‌ಗಳಿಗೆ ಗಾಳಿ ಹೋಗುವ ಕೊಳವೆಗಳ ಕ್ಲಿಪ್‌ಗಳನ್ನು ಮೊದಲು ಒತ್ತಿ ಮುಚ್ಚಿ, ಆಮೇಲೆ ಲೀಡಿಂಗ್ ಎಡ್ಜ್‌ನ (ಕೈಟ್‌ನ ಮುಂದಿನ ಅಂಚಿನ ದಪ್ಪ ಕೊಳವೆ) ದೊಡ್ಡ ವಾಲ್ವ್ ತೆರೆಯಿರಿ. ಈ ಕ್ರಮ ತಪ್ಪಿದರೆ ಸ್ಟ್ರಟ್‌ಗಳ ಗಾಳಿಯೂ ಹೋಗಿ ಕೈಯಲ್ಲಿ ಒದ್ದೆ ಬಟ್ಟೆಯ ಮುದ್ದೆ ಉಳಿಯುತ್ತದೆ. ಎರಡೂ ತುದಿಗಳಿಂದ ನಡುವಿಗೆ ಸುತ್ತಿ, ಗಾಳಿ ತುಂಬಿದ ನಡುವಿನ ಸ್ಟ್ರಟ್‌ಗೆ ಲೀಶ್‌ನಿಂದ ಕಟ್ಟಿ. ಆ ಕಟ್ಟನ್ನು ಬೋರ್ಡ್ ಮೇಲಿಟ್ಟು ಬೋರಲು ಮಲಗಿ ಕಾಲು ಬಡಿಯಿರಿ. ಹೀಗೆ ಗಂಟೆಗೆ 1 ಕಿಲೋಮೀಟರ್ ಸಾಗಿದರೆ ಅದೇ ಹೆಚ್ಚು, ನಿಮ್ಮ 700 ಮೀಟರ್‌ಗೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. 1 ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್, ಅಷ್ಟು ಸೆಳೆತ ಎದುರಿದ್ದರೆ ನೀವು ಹಿಂದಕ್ಕೇ ಹೋಗುತ್ತೀರಿ. ಅದಕ್ಕೆ ಅಡ್ಡಲಾಗಿ ಈಜಿ, ದಡದ ಯಾವ ಜಾಗ ಸಿಕ್ಕರೂ ಸರಿ.

ತೆಂಕಣಗಾಳಿ

ಮಡಚುವ ವಿಧಾನ ಸರಿ, ಆದರೆ ಅಷ್ಟು ಬೇಗ ವಾಲ್ವ್ ತೆಗೆಯಬೇಡಿ ಎನ್ನುತ್ತೇನೆ. ಒಮ್ಮೆ ಲೀಡಿಂಗ್ ಎಡ್ಜ್ ಖಾಲಿಯಾದರೆ ಸಮುದ್ರದಲ್ಲಿ ಮತ್ತೆ ತುಂಬಲಾಗದು. ಅರ್ಧ ಗಂಟೆಯ ನಂತರ ಗಾಳಿ ಬಂದರೂ ಅದು ನಿಮ್ಮ ಉಪಯೋಗಕ್ಕಿಲ್ಲ. ದೋಣಿಯಿಂದ ನೋಡುವವರಿಗೆ ನೀರಿನಲ್ಲಿ ಒಂದು ತಲೆ ಕಾಣುವುದೇ ಇಲ್ಲ, ಬಣ್ಣದ 12 ಮೀಟರ್ ಕೈಟ್ ದೂರದಿಂದಲೇ ಕಾಣುತ್ತದೆ. ದಡ ಹತ್ತಿರವಿದ್ದು, ಹರಿವು ನಿಮ್ಮ ಕಡೆಗಿದ್ದು, ಬೆಳಕು ಉಳಿದಿದ್ದರೆ ಮಡಚಿ ಈಜಿ. ಮೂರರಲ್ಲಿ ಒಂದು ಇಲ್ಲದಿದ್ದರೂ ಕೈಟ್ ಉಬ್ಬಿಸಿಟ್ಟುಕೊಂಡೇ ಅದರ ಮೇಲೆ ಕುಳಿತು ನೆರವು ಕರೆಯಿರಿ.

ಕೈಟ್ ಬಿಟ್ಟು ಈಜುವುದು ಕೊನೆಯ ದಾರಿ. ಲೈನ್ ಕುತ್ತಿಗೆಗೋ ಕಾಲಿಗೋ ಬಿಗಿದಾಗ, ಅಥವಾ ಒಡೆಯುವ ಅಲೆಗಳಲ್ಲಿ ಅದು ನಿಮ್ಮನ್ನೇ ಎಳೆಯುತ್ತಿದ್ದಾಗ ಮಾತ್ರ. ಹಾರ್ನೆಸ್‌ನಲ್ಲಿ (ಕೈಟ್ ಸಿಕ್ಕಿಸಿಕೊಳ್ಳುವ ಸೊಂಟದ ಪಟ್ಟಿ) ಕೊಕ್ಕೆ ಆಕಾರದ ಲೈನ್ ಕತ್ತಿ ಇರಲೇಬೇಕು, ಒಂದೇ ಕೈಯಲ್ಲಿ ತೆಗೆಯಲು ಬರುವ ಜಾಗದಲ್ಲಿ.

ಪಡುವಣ_ಅಲೆ

ಇದನ್ನು ಓದುವ ಹೈಡ್ರೋಫಾಯಿಲ್ (ಬೋರ್ಡ್‌ನ ಕೆಳಗೆ ಮಾಸ್ಟ್ ಎಂಬ ಕಂಬ, ಅದಕ್ಕೆ ರೆಕ್ಕೆ ಇರುವುದು) ಸವಾರರಿಗೆ ಒಂದು ಮಾತು, ಯಾಕೆಂದರೆ ಗಾಳಿಯಿಲ್ಲದೆ ಸಿಕ್ಕಿಕೊಳ್ಳುವ ಸಾಧ್ಯತೆ ಅವರಿಗೇ ಹೆಚ್ಚು. ಫಾಯಿಲ್ ಮೇಲೆ 12 ಮೀಟರ್ ಕೈಟ್‌ನಲ್ಲಿ 8 ನಾಟ್‌ಗೂ ಸಾಗಬಹುದು, ಏಕೆಂದರೆ ಬೋರ್ಡ್‌ನ ವೇಗವೇ ಕೈಟ್‌ಗೆ ಸಿಗುವ ಗಾಳಿಯನ್ನು ಹೆಚ್ಚಿಸುತ್ತದೆ. ಅದೇ ಕೈಟ್ ನೀರಿಗೆ ಬಿದ್ದರೆ ಎಬ್ಬಿಸಲು 9–10 ನಾಟ್ ಬೇಕು. ಅಂದರೆ ಗಾಳಿ ಇದ್ದಷ್ಟೇ ಇದ್ದರೂ ಒಂದು ಜೈಬ್ (ದಿಕ್ಕು ಬದಲಿಸುವ ತಿರುವು) ತಪ್ಪಿದರೆ ಸಾಕು, ಅಲ್ಲೇ ಸಿಕ್ಕಿಬಿದ್ದಂತೆ. ಅಂಥ ಗಾಳಿಯಲ್ಲಿ ಈಜಿ ಬರಬಹುದಾದ ದೂರ ದಾಟಬಾರದು. ಮಾಸ್ಟ್ ಮತ್ತು ರೆಕ್ಕೆ ನೀರಿನೊಳಗೆ ಇರುವ ಬೋರ್ಡ್ ಮೇಲೆ ಮಲಗಿ ಈಜುವುದೂ ಕಷ್ಟ. ಅದನ್ನು ತಲೆಕೆಳಗು ಮಾಡಿ ಎಳೆಯುವವರು ರೆಕ್ಕೆಯ ಅಂಚಿನಿಂದ ಮುಖವನ್ನು ದೂರವಿಡಿ.

ಮರಳುದಂಡೆ

ತುಂಬ ಉಪಕಾರ. ರಾಮೇಶ್ವರದಲ್ಲೇ ವಿಶೇಷವಾಗಿ ಗಮನಿಸಬೇಕಾದ್ದು ಏನಾದರೂ ಇದೆಯೇ?

ಉಪ್ಪುನೀರು

ಇದೆ. ಜೂನ್‌ನಲ್ಲಿ ಅಲ್ಲಿ ನೈಋತ್ಯದ ಗಾಳಿ. ಧನುಷ್ಕೋಡಿಯ ಮರಳುನಾಲಿಗೆಯ ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ, ಅಲ್ಲಿ ಈ ಗಾಳಿ ದಡದ ಕಡೆಗೆ ಬೀಸುತ್ತದೆ. ಉತ್ತರಕ್ಕೆ ಪಾಕ್ ಕೊಲ್ಲಿಯ ಕಡೆ ನೀರು ಸಪಾಟಾಗಿರುತ್ತದೆ, ಕಲಿಯುವವರಿಗೆ ಇಷ್ಟವಾಗುವುದೂ ಅದೇ, ಆದರೆ ಅಲ್ಲಿ ಗಾಳಿ ದಡದಿಂದ ಹೊರಕ್ಕೆ. ಗಾಳಿ ಅರ್ಧಕ್ಕೆ ಇಳಿದಾಗ ನಿಮ್ಮನ್ನು ನಿಲ್ಲಿಸಲು ಸಾಲದು, ಉಬ್ಬಿದ ಕೈಟನ್ನು ಒಳಗಡಲಿಗೆ ತಳ್ಳಲು ಸಾಕು. ಆ ಕಡೆ ಆಡುವಾಗ ದಡದಿಂದ 200 ಮೀಟರ್ ಒಳಗಿರಿ, ರಕ್ಷಣಾ ದೋಣಿ ಇಲ್ಲದೆ ಇಳಿಯಬೇಡಿ. ಧನುಷ್ಕೋಡಿಯ ತುದಿಯಿಂದ ಶ್ರೀಲಂಕಾದ ತಲೈಮನ್ನಾರ್‌ಗೆ 30 ಕಿಲೋಮೀಟರ್ ಕೂಡ ಇಲ್ಲ, ಸಮುದ್ರದ ಗಡಿ ನಡುವೆಯೇ ಹಾದುಹೋಗುತ್ತದೆ. ನೀರಿನಲ್ಲಿ ಅದಕ್ಕೆ ಯಾವ ಗುರುತೂ ಇಲ್ಲ.

ಮಳೆಮೋಡ ಹತ್ತಿರ ಬಂದರೆ ಮೊದಲು ಜೋರು ಗಾಳಿ, ಮೋಡ ದಾಟಿದ ಮೇಲೆ ಹಲವು ಸಲ ಪೂರ್ತಿ ಸ್ತಬ್ಧ. ಎರಡೂ ಬೇಡವಾದ್ದೇ, ಮೋಡ ದೂರದಲ್ಲಿರುವಾಗಲೇ ಹೊರಬನ್ನಿ.

ಫೋನನ್ನು ನೀರು ಹೋಗದ ಚೀಲದಲ್ಲಿ ಹಾಕಿ ಹಾರ್ನೆಸ್‌ಗೆ ಕಟ್ಟಿ, ಜತೆಗೆ ಸೀಟಿ. ಭಾರತೀಯ ಕರಾವಳಿ ರಕ್ಷಣಾ ಪಡೆಯ ಸಂಖ್ಯೆ 1554. ಇಂಪ್ಯಾಕ್ಟ್ ವೆಸ್ಟ್ (ಬಿದ್ದಾಗ ಪೆಟ್ಟು ತಗ್ಗಿಸುವ ಅಂಗಿ) ಲೈಫ್ ಜಾಕೆಟ್ ಅಲ್ಲ, ಎಚ್ಚರ ತಪ್ಪಿದವರ ಮುಖವನ್ನು ಅದು ಮೇಲಕ್ಕೆ ಎತ್ತಿ ಹಿಡಿಯುವುದಿಲ್ಲ. ನೆರವು ಬೇಕೆಂದು ತಿಳಿಸಲು ಎರಡೂ ತೋಳು ಅಗಲಿಸಿ ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ಒಂದು ಕೈ ಬೀಸಿದರೆ ಮೀನುಗಾರರು ತಿರುಗಿ ಕೈ ಬೀಸಿ ಹೋಗಿಬಿಡುತ್ತಾರೆ.

ದೋಣಿ ಬಂತೆಂದರೆ ಲೈನ್ ಪೂರ್ತಿ ಸುತ್ತಿರಬೇಕು. ತೇಲುವ ಲೈನ್ ಪ್ರೊಪೆಲರ್‌ಗೆ ಸಿಕ್ಕರೆ ದೋಣಿಯೂ ನಿಮ್ಮ ಜತೆ ನಿಲ್ಲುತ್ತದೆ. ಎಂಜಿನ್ ನಿಲ್ಲಿಸುವಂತೆ ಸನ್ನೆ ಮಾಡಿ, ಕೈಟ್‌ನ ಗಾಳಿ ಬಿಟ್ಟು ಅದನ್ನು ಮೊದಲು ಕೊಡಿ, ಆಮೇಲೆ ಬೋರ್ಡ್, ಕೊನೆಗೆ ನೀವು ಹತ್ತಿ. ಕೈಟ್ ಅಥವಾ ಬೋರ್ಡ್ ಸಮುದ್ರದಲ್ಲೇ ಬಿಟ್ಟು ಬಂದಿದ್ದರೆ ದಡ ಮುಟ್ಟಿದ ಕೂಡಲೇ ಅದೇ 1554ಕ್ಕೆ ಅದರ ಬಣ್ಣ, ಬಿಟ್ಟ ಜಾಗ ತಿಳಿಸಿ. ಇಲ್ಲವಾದರೆ ಖಾಲಿ ಕೈಟ್ ಕಂಡವರು ಸವಾರನಿಗಾಗಿ ರಾತ್ರಿಯಿಡೀ ಹುಡುಕುತ್ತಾರೆ.