ನಲವತ್ತು ವರ್ಷದ ಒಡನಾಟ, ಆದರೂ ಲೋಟ ಮಾತ್ರ ಬೇರೆ. ಯಾಕೆ?

ತೋಟದಮನೆ (ತೀರ್ಥಹಳ್ಳಿ ಕಡೆ)

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ತುಂಬಾ ದಿನದಿಂದ ತಲೆ ಕೊರೆಯುತ್ತಿದೆ, ಕೇಳಿಯೇ ಬಿಡುತ್ತೇನೆ.

ನಮ್ಮದು ಅಡಿಕೆ ತೋಟ. ಕೊನೆ (ಗೊನೆ) ಕೊಯ್ಲು ಶುರುವಾಯಿತು ಅಂದರೆ ಅಂಗಳದ ತುಂಬ ಜನ. ಮೊದಲು ಸುಲಿಯೋಕೆ ಊರಿನವರೇ ಬರುತ್ತಿದ್ದರು, ಆಮೇಲೆ ಬಯಲುಸೀಮೆ ಕಡೆಯವರು ಬಂದರು, ಈಗ ನಾಲ್ಕು ವರ್ಷದಿಂದ ಅಸ್ಸಾಂ ಹುಡುಗರು. ಅಪ್ಪ ಕೆಟ್ಟವರಲ್ಲ. ಕೆಲಸದವರ ಮಕ್ಕಳ ಫೀಸು ಕಟ್ಟಿದ್ದಾರೆ, ಯಾರಿಗಾದರೂ ಜ್ವರ ಬಂದರೆ ರಾತ್ರಿ ಹನ್ನೆರಡಾದರೂ ತಾವೇ ಜೀಪು ತೆಗೆಯುತ್ತಾರೆ. ಆದರೆ ಕೊಟ್ಟಿಗೆ ಗೋಡೆ ಮೇಲೆ ಆರು ಸ್ಟೀಲ್ ಲೋಟ ಬೋರಲು ಹಾಕಿರುತ್ತದೆ. ಕೆಲಸದವರದ್ದು. ಒಳಗಿನ ಲೋಟದ ಜೊತೆ ಸೇರಿಹೋಗಬಾರದು ಅಂತ ಅಮ್ಮ ಅದರ ತಳಕ್ಕೆ ಕೆಂಪು ಚುಕ್ಕೆ ಇಟ್ಟಿದ್ದಾರೆ. ನನ್ನದೇ ನೈಲ್ ಪಾಲಿಶ್.

ಕಳೆದ ಸುಗ್ಗಿಯಲ್ಲಿ ಬೇಯಿಸಿ ಒಣಗಿಸಿಟ್ಟಿದ್ದ ಅಡಿಕೆ ಒಂದು ಚೀಲ ಕಾಣೆಯಾಯಿತು. ಯಾರೂ ಯೋಚನೆ ಕೂಡ ಮಾಡಲಿಲ್ಲ, ಎಲ್ಲರ ಕಣ್ಣೂ ಸೀದಾ ಅಸ್ಸಾಂ ಹುಡುಗರ ಶೆಡ್ಡಿನ ಕಡೆ ಹೋಯಿತು. ಸುಳ್ಳು ಯಾಕೆ ಹೇಳಲಿ, ನನ್ನದೂ ಹೋಯಿತು. ಅವರ ಬ್ಯಾಗು ಬಿಚ್ಚಿಸಿದರು. ಎರಡು ಲುಂಗಿ, ಬನಿಯನ್ನು, ಊರಿಗೆ ಒಯ್ಯೋಕೆ ಅಂತ ತೆಗೆದಿಟ್ಟಿದ್ದ ಮಗುವಿನ ಒಂದು ಫ್ರಾಕು, ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ಮೂರನೇ ದಿನ ಗೊತ್ತಾಯಿತು, ಚಿಕ್ಕಪ್ಪ ಯಾವುದೋ ಕೈಸಾಲ ತೀರಿಸೋಕೆ ಆ ಚೀಲವನ್ನು ಮಂಡಿಗೆ ಹಾಕಿದ್ದರು. "ಪಾಪ, ಅವನಿಗೆ ಏನು ಕಷ್ಟ ಇತ್ತೋ" ಅಂದರು ಎಲ್ಲರೂ. ಆ ಹುಡುಗರಿಗೆ ಯಾರೂ ಏನೂ ಹೇಳಲಿಲ್ಲ.

ಹತ್ತಿರದಿಂದ ಒಡನಾಡಿದರೆ ಪೂರ್ವಗ್ರಹ ತಾನಾಗಿ ಕರಗುತ್ತದೆ ಅಂತ ಎಲ್ಲೋ ಓದಿದ್ದೆ. ನಮ್ಮ ಮನೆಯಲ್ಲಿ ನಲವತ್ತು ವರ್ಷದಿಂದ ಬೇರೆ ಬೇರೆ ಜನ ಬಂದು ದುಡಿದಿದ್ದಾರೆ. ಜನ ಬದಲಾದರು, ಲೋಟ ಒಳಗೆ ಬರಲಿಲ್ಲ. ಓದಿದ್ದು ಸುಳ್ಳಾ?

ನಿವೃತ್ತ ಮೇಷ್ಟ್ರು

ತಂಗಿ, ಸುಳ್ಳಲ್ಲ, ನೀವು ಓದಿದ್ದು ಅರ್ಧ. ಆ ಮಾತನ್ನು ಗಟ್ಟಿಯಾಗಿ ಮುಂದಿಟ್ಟವರು ಅಮೆರಿಕದ ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್, 1954ರಲ್ಲಿ. ಬರೀ ಅಕ್ಕಪಕ್ಕ ಇದ್ದರೆ ಸಾಕು ಅಂತ ಅವರು ಹೇಳಲೇ ಇಲ್ಲ. ಸೇರಿರುವ ಹೊತ್ತಿನಲ್ಲಾದರೂ ಇಬ್ಬರೂ ಸಮ ಅಂತಿರಬೇಕು, ಇಬ್ಬರಿಗೂ ಒಂದೇ ಗುರಿ ಇರಬೇಕು, ಅದಕ್ಕೆ ಇಬ್ಬರೂ ಹೆಗಲು ಕೊಡಬೇಕು, ಮತ್ತೆ ಇದಕ್ಕೆಲ್ಲ ದೊಡ್ಡವರ ಬೆಂಬಲ ಬೇಕು, ಅಂದರೆ ಕಾನೂನು, ಊರ ಹಿರಿಯರು, ಮನೆ ಯಜಮಾನ. ಈಗ ನಿಮ್ಮ ಅಂಗಳ ನೆನೆಸಿಕೊಳ್ಳಿ. ಯಜಮಾನರು ಜಗಲಿ ಮೇಲೆ ಲೆಕ್ಕದ ಪುಸ್ತಕ ಹಿಡಿದು ಕೂತಿರುತ್ತಾರೆ, ಕೆಲಸದವರು ಕೆಳಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ. ನಲವತ್ತು ವರ್ಷ ದಿನಾ ನೋಡಿದ್ದು ಏನನ್ನ? ಒಬ್ಬ ಕೊಡುವವನು, ಇನ್ನೊಬ್ಬ ಕೈಚಾಚುವವನು. ಇಂಥ ಒಡನಾಟ ಹಳೇ ನಂಬಿಕೆಗೆ ನೀರು ಹಾಕಿ ಬೆಳೆಸುತ್ತದೆ ಅಷ್ಟೆ.

ಹಾಗಂತ ಪೂರ್ತಿ ದಂಡ ಅಂತಲೂ ಅಲ್ಲ. 2006ರಲ್ಲಿ ಪೆಟ್ಟಿಗ್ರೂ ಮತ್ತು ಟ್ರಾಪ್ ಅನ್ನುವವರು 515 ಅಧ್ಯಯನಗಳನ್ನು ಗುಡ್ಡೆ ಹಾಕಿ ನೋಡಿದರು. ಆ ಷರತ್ತು ಎಲ್ಲಾ ಇಲ್ಲದಿದ್ದರೂ ಒಡನಾಟದಿಂದ ಸಾಮಾನ್ಯವಾಗಿ ಪೂರ್ವಗ್ರಹ ಸ್ವಲ್ಪ ತಗ್ಗುತ್ತದೆ, ಇದ್ದರೆ ಇನ್ನೂ ಜಾಸ್ತಿ. ನಿಮ್ಮ ಅಪ್ಪ ರಾತ್ರಿ ಜೀಪು ತೆಗೆಯುವುದು ಬಹುಶಃ ಆ "ಸ್ವಲ್ಪ".

ಲೋಟದ ಬಗ್ಗೆ ಇನ್ನೊಂದು ಮಾತು. ಅಸ್ಪೃಶ್ಯತೆಯ ಕಾರಣಕ್ಕೆ ಹೋಟೆಲಿನಲ್ಲಿ ಬೇರೆ ಲೋಟ ಇಟ್ಟರೆ 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯಲ್ಲಿ ಶಿಕ್ಷೆ ಇದೆ. ಕೊಟ್ಟಿಗೆ ಗೋಡೆ ಮೇಲಿನ ಲೋಟವನ್ನು ಯಾರು ಬಂದು ನೋಡುತ್ತಾರೆ? ಅಲ್ಲಿ ಕಾನೂನೂ ಯಜಮಾನರೇ.

ಚಿಕ್ಕಪ್ಪನ ವಿಷಯ ಓದಿ ನಗು ಬಂತು, ಬೇಜಾರೂ ಆಯಿತು. ನಮ್ಮವರು ತಪ್ಪು ಮಾಡಿದರೆ ಕಷ್ಟ ಕಾರಣ, ಹೊರಗಿನವರು ಮಾಡಿದರೆ ಹುಟ್ಟುಗುಣ ಕಾರಣ. ಇದನ್ನೂ ಅದೇ ಪೆಟ್ಟಿಗ್ರೂ 1979ರಲ್ಲೇ ಬರೆದಿದ್ದಾರೆ. ನಿಮ್ಮ ಮನೆಯಲ್ಲಿ ಆ ಹುಡುಗರು ತಪ್ಪು ಮಾಡಲೂ ಇಲ್ಲ!

ಮಂಡಿ ರಸ್ತೆ

ಕ್ಷಮಿಸಿ, ನೇರವಾಗಿ ಹೇಳುತ್ತೇನೆ. ಇದಕ್ಕೆಲ್ಲ ಅಮೆರಿಕದ ಪುಸ್ತಕ ಬೇಕಾ? ನಮ್ಮ ಪಕ್ಕದ ತೋಟದಲ್ಲಿ ಹೊರಗಿನ ಹುಡುಗರು ಮುಂಗಡ ತಗೊಂಡು ರಾತ್ರೋರಾತ್ರಿ ಬಸ್ಸು ಹತ್ತಿದರು. ಹಾಲಿನಲ್ಲಿ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ. ಹುಷಾರಾಗಿರುವುದು ಪೂರ್ವಗ್ರಹ ಹೇಗಾಗುತ್ತದೆ? ಸುಮ್ನೆ ಎಲ್ಲದಕ್ಕೂ ಒಂದು ದೊಡ್ಡ ಹೆಸರು.

ನಿವೃತ್ತ ಮೇಷ್ಟ್ರು

ಹುಷಾರಾಗಿರಿ ಸ್ವಾಮಿ, ಬೇಡ ಅಂದವರು ಯಾರು. ಆದರೆ ನಿಮ್ಮೂರಿನವರೇ ಮುಂಗಡ ತಗೊಂಡು ಕೈಕೊಟ್ಟಿದ್ದು ಇಲ್ವಾ? ಅವರ ಹೆಸರು ನಿಮಗೆ ಬಾಯಿಪಾಠ ಇರುತ್ತದೆ. "ಆ ಮಂಜ ಸರಿ ಇಲ್ಲ" ಅಂತೀರಿ. ಅಸ್ಸಾಂನವನು ಹೋದರೆ ಹೆಸರೇ ಬೇಡ, "ಅವರೇ ಹಾಗೆ".

1976ರಲ್ಲಿ ಹ್ಯಾಮಿಲ್ಟನ್, ಗಿಫರ್ಡ್ ಅಂತ ಇಬ್ಬರು ಒಂದು ಚೆಂದದ ಪ್ರಯೋಗ ಮಾಡಿದರು. 'ಎ' ಗುಂಪು, 'ಬಿ' ಗುಂಪು ಅಂತ ಬರೀ ಅಕ್ಷರ, ಜಾತಿ ಇಲ್ಲ, ಊರಿಲ್ಲ. 'ಎ' ಬಗ್ಗೆ 26 ವಾಕ್ಯ ಓದಿಸಿದರು, 18 ಒಳ್ಳೆಯ ನಡತೆಯದ್ದು, 8 ಕೆಟ್ಟದ್ದು. 'ಬಿ' ಬಗ್ಗೆ 13 ವಾಕ್ಯ, 9 ಒಳ್ಳೆಯದು, 4 ಕೆಟ್ಟದ್ದು. ಲೆಕ್ಕ ಹಾಕಿ ನೋಡಿ, ಎರಡರಲ್ಲೂ ಪ್ರಮಾಣ ಒಂದೇ. ಆದರೂ ಓದಿದವರಿಗೆ 'ಬಿ'ಯವರೇ ಜಾಸ್ತಿ ಕೆಟ್ಟವರು ಅನ್ನಿಸಿತು. ಯಾಕೆಂದರೆ ಸಣ್ಣ ಗುಂಪು ಅಪರೂಪ, ಕೆಟ್ಟ ಕೆಲಸವೂ ಅಪರೂಪ, ಎರಡೂ ಒಟ್ಟಿಗೆ ಬಂದಾಗ ಮನಸ್ಸಿಗೆ ಅಂಟಿಕೊಂಡುಬಿಡುತ್ತದೆ. ನಿಮ್ಮ ಪಕ್ಕದ ತೋಟದಿಂದ ಬಸ್ಸು ಹತ್ತಿದವರು ಇವತ್ತಿಗೂ ನೆನಪಿದ್ದಾರೆ. ಅದೇ ವರ್ಷ ಲೆಕ್ಕ ಚುಕ್ತಾ ಮಾಡಿ ಕೈಮುಗಿದು ಹೋದವರು ಎಷ್ಟು ಜನ, ಹೇಳಿ ನೋಡೋಣ.

ಹಾವೇರಿ ಹುಡುಗ

ಬಯಲುಸೀಮೆಯವನು ಅಂತ ಹೆಸರು ಬಂತಲ್ಲ, ನಾನೂ ಒಂದು ಮಾತು ಹೇಳುತ್ತೇನ್ರೀ.

ಕೆಲಸ ಸಿಕ್ಕಿ ಶಿವಮೊಗ್ಗಕ್ಕೆ ಬಂದಾಗ ಬಾಡಿಗೆ ಮನೆ ಹುಡುಕುತ್ತಿದ್ದೆ. ವಿನೋಬನಗರದ ಕಡೆ ಒಂದು ಮನೆಗೆ ಬೋರ್ಡು ಹಾಕಿದ್ದರು. ಓನರ್ ಆಂಟಿ ಒಳಗೆ ಕರೆದು ಕೂರಿಸಿ ಒಳ್ಳೆ ಕಾಫಿ ಕೊಟ್ಟರು. ಊರು ಕೇಳಿದರು. ಹೆಸರು ಕೇಳಿದರು. ಅಪ್ಪನ ಪೂರ್ತಿ ಹೆಸರು ಕೇಳಿದರು. ಅಡ್ಡಹೆಸರಿನಲ್ಲೂ ಏನೂ ಸಿಗಲಿಲ್ಲ ಅಂತ ಕಾಣುತ್ತದೆ, ಕೊನೆಗೆ "ಮನೇಲಿ ಅಡುಗೆ ಏನೇನು ಮಾಡ್ತೀರಪ್ಪಾ?" ಅಂದರು. ಇದು ಜಾತಿ ಕೇಳುವ ಮರ್ಯಾದಸ್ಥ ದಾರಿ, ನಿಮಗೆಲ್ಲ ಗೊತ್ತಿರುವುದೇ. "ನಾಳೆ ಫೋನ್ ಮಾಡ್ತೀನಿ" ಅಂದರು. ಆ ಬೋರ್ಡು ಇನ್ನೂ ಹದಿನೈದು ದಿನ ಅದೇ ಗೇಟಿನಲ್ಲಿ ನೇತಾಡುತ್ತಿತ್ತು, ನಾನು ದಿನಾ ಅದೇ ರಸ್ತೆಯಲ್ಲಿ ಆಫೀಸಿಗೆ ಹೋಗುತ್ತಿದ್ದೆ.

ನನಗೆ ನೋವಾಗಿದ್ದು ಮನೆ ಸಿಗದಿದ್ದಕ್ಕಲ್ಲ. ಆಂಟಿ ನಿಜಕ್ಕೂ ಒಳ್ಳೆಯವರು. ಬೈದಿದ್ದರೆ ನಾನೂ ಬೈದು ಮರೆತುಬಿಡುತ್ತಿದ್ದೆ. ನಗುನಗುತ್ತಾ ಕಾಫಿ ಕೊಟ್ಟು ಬೇಡ ಅಂದರೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ?

ಅಪ್ಪನ ಹೆಸರಿನ ಬೆಲೆ ಎಷ್ಟು ಅಂತ ಆಮೇಲೆ ಓದಿದೆ. ಸುಖದೇವ್ ಥೋರಟ್ ಮತ್ತು ಪಾಲ್ ಆಟ್‌ವೆಲ್ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪೇಪರಿನಲ್ಲಿ ಬಂದ ಖಾಸಗಿ ಕೆಲಸದ ಜಾಹೀರಾತುಗಳಿಗೆ ಒಂದೇ ಥರ ಓದಿದವರ ಅರ್ಜಿ ಹಾಕಿಸಿದರು, ಹೆಸರು ಮಾತ್ರ ಬೇರೆ. ಮೇಲ್ಜಾತಿ ಅನ್ನಿಸುವ ಹೆಸರಿಗಿಂತ ದಲಿತ ಹೆಸರಿಗೂ ಮುಸ್ಲಿಂ ಹೆಸರಿಗೂ ಕರೆ ಕಡಿಮೆ ಬಂತು. ಅಲ್ಲಿ ಕಾಫಿ ಕೂಡ ಇಲ್ಲ ನೋಡ್ರಿ.

ನಮ್ಮ ಕಡೆಯವರೇನು ಕಡಿಮೆ ಇಲ್ಲ. "ಮಲೆನಾಡಿನವರು ಬಾಗಿಲಲ್ಲೇ ಮಾತಾಡಿಸಿ ಕಳಿಸ್ತಾರ" ಅಂತ ನನ್ನ ಅವ್ವ ಇವತ್ತಿಗೂ ಅನ್ನುತ್ತಾಳೆ. ಅವಳು ಹಾವೇರಿ ದಾಟಿ ಇತ್ಲಾಗೆ ಬಂದವಳೇ ಅಲ್ಲ.

ಲೆಗ್ ಸ್ಪಿನ್ (ಸಾಗರ)

ಮೇಷ್ಟ್ರು ಸಮ ಇರಬೇಕು, ಒಂದೇ ಗುರಿ ಇರಬೇಕು ಅಂದರಲ್ಲ, ಅದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ಮ್ಯಾಟ್ ಲೋ ಅನ್ನುವ ಅರ್ಥಶಾಸ್ತ್ರಜ್ಞ ಉತ್ತರ ಪ್ರದೇಶದಲ್ಲಿ 1,261 ಜನರನ್ನು ಸೇರಿಸಿ ಕ್ರಿಕೆಟ್ ಲೀಗ್ ನಡೆಸಿದ, 2021ರಲ್ಲಿ ಪ್ರಕಟವಾಯಿತು. ಕೆಲವರನ್ನು ಬೇರೆ ಜಾತಿಯವರ ಜೊತೆ ಒಂದೇ ಟೀಮಿಗೆ ಹಾಕಿದ, ಕೆಲವರಿಗೆ ಬರೀ ತಮ್ಮವರ ಟೀಮು. ಒಂದೇ ಟೀಮಿನಲ್ಲಿ ಆಡಿದವರಿಗೆ ಬೇರೆ ಜಾತಿಯ ಗೆಳೆಯರು ಹೆಚ್ಚಾದರು. ಆದರೆ ಬೇರೆ ಜಾತಿಯವರನ್ನು ಬರೀ ಎದುರಾಳಿಗಳಾಗಿ ನೋಡಿದವರಲ್ಲಿ ಪರಿಣಾಮ ಉಲ್ಟಾ ಹೊಡೆಯಿತು.

ಇದು ಓದಿದ ಮೇಲೆ ನಮ್ಮೂರ ಟೂರ್ನಮೆಂಟು ನೆನಪಾಯಿತು. ಒಂದೊಂದು ಕೇರಿಗೆ ಒಂದೊಂದು ಟೀಮು, ಕೇರಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಫೈನಲ್ ಮುಗಿದ ಮೇಲೆ ಎರಡು ತಿಂಗಳು ಮಾತು ಬಿಡುತ್ತಿದ್ದೆವು. ಒಂದು ವರ್ಷ ಜನ ಸಾಲದೆ ಚೀಟಿ ಎತ್ತಿ ಟೀಮು ಮಾಡಿದ್ದೆವು. ಆ ವರ್ಷ ಓಪನಿಂಗ್ ಬಂದ ಹುಡುಗನ ಮನೆಯಲ್ಲಿ ನಾನು ಮೊದಲ ಸಲ ಊಟ ಮಾಡಿದ್ದು. ನಾನೂರು ಮೀಟರ್ ದೂರದ ಮನೆ, ಹೋಗೋಕೆ ಇಪ್ಪತ್ತೆರಡು ವರ್ಷ ಬೇಕಾಯಿತು.

ಮಂಡಿ ರಸ್ತೆ

ಮೇಷ್ಟ್ರೇ, ಲೆಕ್ಕ ಚುಕ್ತಾ ಮಾಡಿ ಹೋದವರು ಎಷ್ಟು ಅಂದರೆ ನನಗೆ ಗೊತ್ತಿಲ್ಲ, ಅದು ನಿಜ. ಆದರೂ ಮುಂಗಡ ಇನ್ನು ಕಡಿಮೆಯೇ ಕೊಡುವುದು. ಊರಿನವರಿಗೂ ಅಷ್ಟೇ ಕೊಡುತ್ತೇನೆ, ಸರಿನಾ?

ತೋಟದಮನೆ (ತೀರ್ಥಹಳ್ಳಿ ಕಡೆ)

ಎಲ್ಲರಿಗೂ ಥ್ಯಾಂಕ್ಸ್. ಅಮ್ಮನ ಹತ್ತಿರ ಲೋಟದ ವಿಷಯ ತೆಗೆದೆ. "ಬೇರೆ ಅಂತಲ್ಲ ಮಗಾ, ಒಳಗಿನ ಲೋಟ ಕೊಟ್ಟರೆ ಅವರಿಗೇ ಸಂಕೋಚ" ಅಂದರು. ಅವರನ್ನು ಕೇಳಿದ್ದೀಯಾ ಅಂದೆ. ಒಲೆ ಕಡೆ ತಿರುಗಿದರು.

ಮೊನ್ನೆ ರಾತ್ರಿ ಎಲ್ಲರೂ ಮಲಗಿದ ಮೇಲೆ ರಿಮೂವರ್ ಹಚ್ಚಿ ಆರೂ ಲೋಟದ ಚುಕ್ಕೆ ಒರೆಸಿ, ಒಳಗಿನವುಗಳ ಜೊತೆ ಸ್ಟ್ಯಾಂಡಿನಲ್ಲಿ ಜೋಡಿಸಿಟ್ಟೆ. ಎಲ್ಲಾ ಒಂದೇ ಅಂಗಡಿಯಲ್ಲಿ ತಂದವು, ನನಗೇ ಗುರುತು ಸಿಗಲಿಲ್ಲ. ಬೆಳಗ್ಗೆ ಅಪ್ಪ ಅದರಲ್ಲೇ ಯಾವುದರಲ್ಲೋ ಕಾಫಿ ಕುಡಿದು ತೋಟಕ್ಕೆ ಹೋದರು. ಅಮ್ಮನಿಗೆ ಗೊತ್ತಾಗಿದೆ. ನನಗೆ ಒಂದು ಮಾತೂ ಅಂದಿಲ್ಲ. ಎರಡು ದಿನದಿಂದ ಹುಡುಗರಿಗೆ ಪೇಪರ್ ಲೋಟದಲ್ಲಿ ಚಹಾ ಹೋಗುತ್ತಿದೆ.