ತಡೆಯುವ ಮರ, ತಡೆದುಕೊಳ್ಳುವ ಮರ: 'ರೋಗನಿರೋಧಕ' ಪದದ ಬಗ್ಗೆ ಒಂದು ಪ್ರಶ್ನೆ

ಪದಚರ್ಚೆಯ ಬಳಗಕ್ಕೆ ನಮಸ್ಕಾರ.

ಒಂದು ಮರಕ್ಕೆ ವೈರಸ್ ಹತ್ತುವುದೇ ಇಲ್ಲ. ಇನ್ನೊಂದಕ್ಕೆ ಹತ್ತುತ್ತದೆ, ಆದರೆ ಮರ ಅದನ್ನು ಮೈಯಲ್ಲಿಟ್ಟುಕೊಂಡೇ ಫಲ ಕೊಡುತ್ತದೆ. ನಮ್ಮ ಕೃಷಿ ಬರಹಗಳಲ್ಲಿ ಎರಡೂ 'ರೋಗನಿರೋಧಕ ತಳಿ' ಎನಿಸಿಕೊಳ್ಳುತ್ತವೆ. ಹಣ್ಣಿನ ಮರಗಳ ವೈರಸ್ ರೋಗಗಳ ಬಗ್ಗೆ ಕನ್ನಡದಲ್ಲಿ ಬರೆಯಲು ಕುಳಿತಿರುವ ನನಗೆ ಇದು ದೊಡ್ಡ ತೊಡಕಾಗಿದೆ.

ನಾನು ಬರೆಯುತ್ತಿರುವುದು ಪ್ಲಮ್ ಮರದ 'ಶಾರ್ಕಾ' ರೋಗದ ಬಗ್ಗೆ. ಮೊದಲ ಮಹಾಯುದ್ಧದ ಹೊತ್ತಿಗೆ ಇದು ಬಲ್ಗೇರಿಯದ ತೋಟಗಳಲ್ಲಿ ಕಣ್ಣಿಗೆ ಬಿತ್ತು. ವೈರಸ್‌ನಿಂದ ಬರುವ ರೋಗವೆಂದು 1932ರಲ್ಲಿ ಅಲ್ಲಿನ ಸಸ್ಯರೋಗ ತಜ್ಞ ದಿಮಿತರ್ ಅತನಾಸೊವ್ ಬರೆದರು. ಅಲ್ಲಿನ ಭಾಷೆಯಲ್ಲಿ ಶಾರ್ಕಾ ಎಂದರೆ ಸಿಡುಬು. ಹೆಸರು ತಕ್ಕುದಾಗಿಯೇ ಇದೆ. ವಸಂತದಲ್ಲಿ ಎಲೆಯನ್ನು ಬೆಳಕಿಗೆ ಹಿಡಿದರೆ ಮಸುಕು ಹಸಿರಿನ ಉಂಗುರಗಳು ಕಾಣುತ್ತವೆ. ಬೇಸಿಗೆ ಏರಿದಂತೆ ಮಾಸಿಹೋಗುತ್ತವೆ. ಹಣ್ಣಿನ ಮೇಲೆ ಕುಳಿ, ಗೀರು ಬಿದ್ದು ಅದರಡಿಯ ತಿರುಳು ಕೆಂಪಾಗಿ ಅಂಟಂಟಾಗುತ್ತದೆ. ಏಪ್ರಿಕಾಟ್ ಆದರೆ ತಿರುಳು ಬಿಡಿಸಿ ನೋಡಬೇಕು: ಕಂದು ಗೊರಟೆಯ ಮೇಲೆ ಬಿಳಿಚಿದ ಉಂಗುರಗಳಿರುತ್ತವೆ.

ಗಿಡಹೇನು ರೋಗದ ಮರದಲ್ಲಿ ಒಮ್ಮೆ ಬಾಯಿ ಹಾಕಿ ಪಕ್ಕದ ಮರಕ್ಕೆ ಹಾರಿದರೆ ಸಾಕು, ವೈರಸ್ ದಾಟುತ್ತದೆ. ದೂರದ ನಾಡುಗಳಿಗೆ ಅದನ್ನು ಒಯ್ಯುವುದು ಕಸಿ ಕಡ್ಡಿ ಮತ್ತು ಸಸಿಗಳು. ವಾಸಿ ಮಾಡುವ ಔಷಧಿಯಿಲ್ಲ, ಮರ ಕೀಳುವುದೊಂದೇ ದಾರಿ. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ 1999ರಲ್ಲಿ ಕಾಣಿಸಿಕೊಂಡ ಈ ರೋಗದಿಂದ ದೇಶ ಮುಕ್ತವಾಗಿದೆ ಎಂದು ಅಲ್ಲಿನ ಸರ್ಕಾರ ಘೋಷಿಸುವ ಹೊತ್ತಿಗೆ 2019 ಬಂದಿತ್ತು.

ಇನ್ನು ತಳಿಗಳ ಮಾತು. ಸರ್ಬಿಯದ ಪ್ಲಮ್ ಬ್ರಾಂಡಿಗೆ ಹೆಸರಾದ ಪೊಝೆಗಾಚಾ ತಳಿಗೆ ಶಾರ್ಕಾ ತಗುಲಿದರೆ ಹಣ್ಣು ಮಾಗುವ ಮೊದಲೇ ಉದುರುತ್ತದೆ. ಸ್ಟ್ಯಾನ್ಲಿ ಎಂಬ ಅಮೆರಿಕದ ತಳಿಯಲ್ಲಿ ಎಲೆಯ ಮೇಲೆ ಗುರುತು ಮೂಡಿದರೂ ಹಣ್ಣು ಅಷ್ಟಾಗಿ ಕೆಡುವುದಿಲ್ಲ. ಬೆಳೆಗಾರನಿಗೆ ಸಂತೋಷವೇ. ಆದರೆ ಆ ಮರದ ಮೈಯಲ್ಲಿ ವೈರಸ್ ಇದೆ, ಗಿಡಹೇನುಗಳಿಗೆ ಅದು ಉಗ್ರಾಣ. ಪಕ್ಕದಲ್ಲಿ ಪೊಝೆಗಾಚಾ ಇದ್ದರೆ ಅದರ ಗತಿ ಏನು? ಇಂಥ ಮರವನ್ನು 'ರೋಗನಿರೋಧಕ' ಎಂದು ಬರೆಯುವುದು ಓದುಗನಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಅಚ್ಚಗನ್ನಡಕ್ಕೆ ಹೊರಳಿದರೂ ತೊಡಕು ಬಿಡುವುದಿಲ್ಲ. 'ತಡೆ' ಎಂದರೆ ಅಡ್ಡಗಟ್ಟು, 'ತಡೆದುಕೊ' ಎಂದರೆ ಸಹಿಸು. 'ನೋವು ತಡೆದುಕೊಂಡ' ಎಂದಾಗ ನೋವು ಬರಲೇ ಇಲ್ಲ ಎಂದು ಯಾರೂ ತಿಳಿಯುವುದಿಲ್ಲ. ಆದರೆ 'ರೋಗ ತಡೆಯುವ ತಳಿ', 'ರೋಗ ತಡೆದುಕೊಳ್ಳುವ ತಳಿ' ಎಂಬ ಎರಡನ್ನೂ ಬಿತ್ತನೆ ಬೀಜದ ಕರಪತ್ರಗಳಲ್ಲಿ ಒಂದೇ ಅರ್ಥದಲ್ಲಿ ಬಳಸುವುದನ್ನು ನೋಡುತ್ತಿದ್ದೇನೆ. ಹಾಗಾಗಿ ಸ್ಟ್ಯಾನ್ಲಿಯಂಥವಕ್ಕೆ 'ರೋಗ ತಾಳುವ ತಳಿ', ಗುಣಕ್ಕೆ 'ತಾಳಿಕೆ' ಎಂದು ಬಳಸಬೇಕೆಂದಿದ್ದೇನೆ. 'ಸಹಿಷ್ಣುತೆ' ತಪ್ಪಲ್ಲ, ಆದರೆ ಪತ್ರಿಕೆ ಓದುವವರಿಗೆ ಅದು ಧರ್ಮ, ರಾಜಕೀಯದ ಮಾತನ್ನೇ ನೆನಪಿಸುತ್ತದೆ.

ನಿಜವಾಗಿ ತಡೆಯುವ ತಳಿಗಳಲ್ಲೂ ಬಗೆಗಳಿವೆ. ಜರ್ಮನಿಯ ಹೋಹೆನ್‌ಹೈಮ್‌ನಲ್ಲಿ ಬೆಳೆಸಿದ 'ಯೋಯೋ' ತಳಿಯಲ್ಲಿ ವೈರಸ್ ಹೊಕ್ಕ ಜಾಗದ ಸುತ್ತಲಿನ ಜೀವಕೋಶಗಳು ತಾವಾಗಿ ಸಾಯುತ್ತವೆ, ವೈರಸ್ಸಿಗೆ ಮುಂದೆ ದಾರಿಯಿರುವುದಿಲ್ಲ. ರೋಗವಿರುವ ಬೇರುಗಿಡದ ಮೇಲೆ ಯೋಯೋ ಕಸಿ ಕಟ್ಟಿದರೆ ಚಿಗುರೇ ಒಣಗುತ್ತದೆ, ಹಾಗಾಗಿ ಕೆಟ್ಟ ಸಸಿ ನರ್ಸರಿಯಲ್ಲೇ ಸಿಕ್ಕಿಬೀಳುತ್ತದೆ. ಇದಕ್ಕೆ ನಿಘಂಟುಗಳು ಕೊಡುವ 'ಅತಿಸಂವೇದನೆ' ನಮಗೆ ಅಲರ್ಜಿಯನ್ನು ಸೂಚಿಸುತ್ತದೆ, ದುರ್ಬಲತೆಯಂತೆ ಕೇಳಿಸುತ್ತದೆ. ನನಗೆ ಹೊಳೆದದ್ದು 'ಕೋಶಬಲಿ'. ಸಂಸ್ಕೃತ ಬಲ್ಲವರು ಈ ಸಮಾಸವನ್ನು ಒಪ್ಪುತ್ತಾರೆಯೇ?

ಇನ್ನೊಂದು ಬಗೆ 'ಹನಿಸ್ವೀಟ್'. ವೈರಸ್ಸಿನ ಹೊರಕವಚದ ಪ್ರೋಟೀನಿನ ವಂಶವಾಹಿಯನ್ನೇ ಪ್ಲಮ್ಮಿಗೆ ಸೇರಿಸಿ ಅಮೆರಿಕದ ವಿಜ್ಞಾನಿ ರಾಲ್ಫ್ ಸ್ಕೋರ್ಜಾ ಮತ್ತು ಸಂಗಡಿಗರು ರೂಪಿಸಿದ ತಳಿ ಇದು. ಮರ ಆ ವೈರಸ್ಸಿನ ವಂಶವಾಹಿ ಎಳೆಯಾದ ಆರ್‌ಎನ್‌ಎಯನ್ನು ಗುರುತು ಹಿಡಿದು ತುಂಡರಿಸುತ್ತದೆ. ಯುರೋಪಿನ ಪ್ರಯೋಗ ತೋಟಗಳಲ್ಲಿ ಗಿಡಹೇನುಗಳಿಂದ ಇದಕ್ಕೆ ರೋಗ ಹತ್ತಲಿಲ್ಲ. ಆದರೆ ರೋಗದ ಕಡ್ಡಿಯನ್ನು ಬೇಕೆಂದೇ ಕಸಿ ಮಾಡಿದಾಗ ಒಂದಷ್ಟು ಎಲೆಗಳಲ್ಲಿ ಸ್ವಲ್ಪ ವೈರಸ್ ಸಿಕ್ಕಿತು. ಆದ್ದರಿಂದ 'ರೋಗ ತಟ್ಟದ ತಳಿ' ಎನ್ನುವಂತಿಲ್ಲ; 'ಬಲವಾಗಿ ತಡೆಯುವ ತಳಿ' ಎಂದೇ ಬರೆಯುತ್ತೇನೆ.

ಕೊನೆಯ ಪ್ರಶ್ನೆ ಮಲೆನಾಡಿನವರಿಗೂ ಕೊಡಗಿನವರಿಗೂ. ಬಲ್ಗೇರಿಯದ ಶಾರ್ಕಾದಂತೆ ನಮ್ಮ ಏಲಕ್ಕಿಯ 'ಕಟ್ಟೆ ರೋಗ'ವೂ ಅದೇ ಹೆಸರಿನಿಂದ ಜಗತ್ತಿನ ಸಸ್ಯರೋಗ ಗ್ರಂಥಗಳಿಗೆ ಹೋಗಿದೆ. ಎರಡು ವೈರಸ್‌ಗಳೂ ಒಂದೇ ಕುಟುಂಬದವು, ಎರಡನ್ನೂ ಹರಡುವುದು ಹೇನುಗಳೇ. ಕಟ್ಟೆ ಹೊಡೆದ ತೋಟದಲ್ಲಿ ಹಸಿರಾಗಿ ಉಳಿದ ಬುಡಗಳನ್ನು ಆರಿಸಿ, ಪರೀಕ್ಷಿಸಿ, ಮಡಿಕೇರಿ ಬಳಿಯ ಅಪ್ಪಂಗಳದ ಸಂಶೋಧನಾ ಕೇಂದ್ರದವರು 'ವಿಜೇತ' ತಳಿಯನ್ನು ಕೊಟ್ಟರು. ಹಾಗೆ ಉಳಿದ ಎಲ್ಲ ಬುಡಗಳೂ ರೋಗ ತಡೆದವೇನಲ್ಲ. ಕೆಲವಕ್ಕೆ ಹೇನು ಮುಟ್ಟಿಯೇ ಇರುವುದಿಲ್ಲ. ಬರೀ ತಪ್ಪಿಸಿಕೊಂಡ ಇಂಥ ಬುಡಕ್ಕೆ ಏಲಕ್ಕಿ ಬೆಳೆಗಾರರ ಬಾಯಲ್ಲಿ ಬೇರೆ ಮಾತಿದೆಯೇ? ಇದ್ದರೆ, ಯಾವ ಊರಿನ ಕಡೆ ಹಾಗೆನ್ನುತ್ತಾರೆ ಎಂಬುದನ್ನೂ ಸೇರಿಸಿ ದಯವಿಟ್ಟು ಬರೆಯಿರಿ.